ಮೂಲಂಗಿ ಮಡಿಗೆ ಕದ್ದು ನೀರು ಹಾಕಿದವರು

ಈಚೆಗೆ ನಮ್ಮ ಹಿತ್ತಲಲ್ಲಿ ಕಳ್ಳರನ್ನು ಹಿಡಿದೆ.

ಒಬ್ಬರಲ್ಲ, ಮೂವರು. ಅದೂ ಹಾಡಹಗಲೇ. ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿಲ್ಲದೆ, ಬೇರೆ ಬೇರೆ ಹೊತ್ತಿಗೆ ಬಂದವರು. ಮೊದಲನೆಯವರು ನನ್ನ ಗಂಡ. ಎರಡನೆಯವರು ಅವರನ್ನು ಹೆತ್ತ ತಾಯಿ, ಅಂದರೆ ನಮ್ಮ ಅತ್ತೆ. ಮೂರನೆಯವಳು ಗೋಡೆಯಾಚೆಯ ಮನೆಯ ಹುಸೇನ್‌ಬಿ. ಮೂವರೂ ನಾರಾಯಣಪೇಟೆಯಲ್ಲಿ ಮರ್ಯಾದಸ್ಥರೇ.

ಏನು ಕದ್ದರು ಅಂತ ಕೇಳುತ್ತೀರಿ. ಏನೂ ಒಯ್ಯಲಿಲ್ಲ. ಹಾಕಿ ಹೋದರು. ಏನನ್ನು? ನೀರನ್ನು. ಎಲ್ಲಿಗೆ? ನನ್ನ ಮೂಲಂಗಿ ಮಡಿಗೆ.

ನೀರು ಹಾಕಿದವರನ್ನು ಕಳ್ಳರು ಅನ್ನಬಹುದೇ? ಪೂರ್ತಿ ಕೇಳಿದ ಮೇಲೆ ನೀವೂ ಅನ್ನುತ್ತೀರಿ. (ಉಪ್ಪಿನಕಾಯಿ ಭರಣಿಯ ಮೇಲೆ ಬರೆದಾಗ "ಇದೂ ಒಂದು ವಿಷಯವೇ?" ಅಂದವರು ಈ ವಾರ ಪುಟ ತಿರುಗಿಸಲಿಕ್ಕೆ ಅಡ್ಡಿಯಿಲ್ಲ. ಆದರೆ ಭರಣಿಗೆ ಉಪ್ಪೆಷ್ಟು ಅಂತ ಆಮೇಲೆ ಹೇಳಿಕಳಿಸಿ ಕೇಳಿದವರೂ ನೀವೇ.)

ನಮ್ಮ ಹಿತ್ತಲು ದೊಡ್ಡದೇನಲ್ಲ. ಒಂದು ಬಾವಿ, ಒಂದು ನುಗ್ಗೆ ಗಿಡ, ಎಮ್ಮೆ ಕಟ್ಟುವ ಚಪ್ಪರ. ಬಾವಿಕಟ್ಟೆಗೂ ಗೋಡೆಗೂ ನಡುವೆ ಎರಡು ಹೊರಸು ಹಾಕುವಷ್ಟು ಜಾಗ. ಬೇರೆ ಕಾಲದಲ್ಲಿ ಅಲ್ಲಿ ಬದನೆ ಇರುತ್ತದೆ, ಮೆಂತ್ಯ ಇರುತ್ತದೆ, ಪುಂಡಿ ಇರುತ್ತದೆ. ಚಳಿ ಬಿತ್ತೆಂದರೆ ಮೂಲಂಗಿ. ಆಗ ಬೇರೆ ಯಾರಿಗೂ ಅಲ್ಲಿ ಪ್ರವೇಶವಿಲ್ಲ.

ಬೀಜ ಮಕ್ತಲದ ಸಂತೆಯದು. ಅಲ್ಲಿ ಒಬ್ಬ ಮುದುಕಿ ತಾನೇ ಬೆಳೆದು, ಕಾಯಿ ಒಣಗಿಸಿ, ಬಡಿದು, ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿಕೊಂಡು ಕೂತಿರುತ್ತಾಳೆ. ಪ್ರತಿ ವರ್ಷ ಆಕೆಯ ಹತ್ತಿರವೇ ತರುತ್ತೇನೆ. ದೀಪಾವಳಿ ಮುಗಿದು ಪಣತಿಗಳನ್ನು ತೊಳೆದು ಎತ್ತಿಟ್ಟರೆ ನನ್ನ ಕಾಲು ತಾನಾಗಿ ಹಿತ್ತಲಿಗೆ ಹೋಗುತ್ತದೆ.

ನಮ್ಮದು ಎರೆಮಣ್ಣು. ನೆನೆದರೆ ಅಂಟು, ಒಣಗಿದರೆ ಕಲ್ಲು. ಹಳೇ ಸಗಣಿ ಗೊಬ್ಬರ, ಹಳ್ಳದ ಉಸುಕು, ಒಲೆಯ ಬೂದಿ ಕಲಸಿ ಅದನ್ನು ಹದಕ್ಕೆ ತರಬೇಕು. ಮೂಲಂಗಿಗೆ ಕೆಳಗೆ ದಾರಿ ಬಿಡಬೇಕು ನೋಡಿ. ಮಧ್ಯೆ ಒಂದು ಕಲ್ಲು ಸಿಕ್ಕಿತೋ, ಅಲ್ಲಿಗೇ ಎರಡು ಕಾಲಾಗಿ ಸೀಳಿ, ಧೋತರ ಉಟ್ಟು ನಿಂತವರ ಹಾಗೆ ನಿಂತುಬಿಡುತ್ತದೆ. ಬೀಜ ಬಿಡುವಾಗಲೂ ಬೂದಿ ಬೆರೆಸಬೇಕು. ಇಲ್ಲದಿದ್ದರೆ ಬೆರಳ ಸಂದಿಯಿಂದ ಗುಂಪು ಗುಂಪಾಗಿ ಬೀಳುತ್ತದೆ. ಆಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮಣ್ಣು ಬಿರಿದು ಸಾಲುಸಾಲಾಗಿ ಹಸಿರು ಕಿವಿ ತೆರೆದಿರುತ್ತವೆ. ಇಷ್ಟು ವಯಸ್ಸಾಯಿತು, ಆ ಬೆಳಿಗ್ಗೆ ಮಾತ್ರ ನನ್ನ ಚಹಾ ಆರಿ ತಣ್ಣಗಾಗದೆ ಇದ್ದದ್ದಿಲ್ಲ.

ಒತ್ತಾಗಿ ಬಂದ ಎಳೆ ಗಿಡಗಳನ್ನು ಕಿತ್ತು ಪಲ್ಯ ಮಾಡುತ್ತೇವೆ. ಉಳಿದವಕ್ಕೆ ಜಾಗ ಸಿಗುತ್ತದೆ, ನಮಗೆ ರೊಟ್ಟಿಗೆ ಜೊತೆ ಸಿಗುತ್ತದೆ. ಇಬ್ಬರಿಗೂ ಲಾಭವಿರುವ ಇಂಥ ವ್ಯವಹಾರ ಪೇಟೆಯಲ್ಲಿ ಎಲ್ಲಿದೆ?

ಈ ಸಲ ಗಿಡ ನಾಲ್ಕೆಲೆ ಆಗುವ ಹೊತ್ತಿಗೆ ಮನೆಗೆ ಇನ್ನೊಂದು ಸಡಗರ ಬಂತು. ನಮ್ಮ ಮಗಳು ಗಿರಿಜಾ. ಆಕೆಯನ್ನು ಗದ್ವಾಲಕ್ಕೆ ಕೊಟ್ಟಿದ್ದೇವೆ. ಈಗ ಚೊಚ್ಚಲ ಬಸುರಿ. ಅತ್ತೆಮನೆಯಲ್ಲಿ ಕುಬಸ ಮುಗಿಸಿ, ಹಸಿರು ಸೀರೆ, ಹಸಿರು ಬಳೆ ತೊಡಿಸಿ, ಹೆರಿಗೆಗೆ ತವರಿಗೆ ಕರೆತಂದೆವು. ಕೃಷ್ಣಾ ಹೊಳೆ ದಾಟುವಾಗ ಹರಿಗೋಲಿನಲ್ಲಿ ನಮ್ಮ ಮನೆಯವರು ಮಗಳ ಮುಂಗೈಯನ್ನು ಕೆಂಪಾಗುವಷ್ಟು ಗಟ್ಟಿ ಹಿಡಿದಿದ್ದರು.

ಅಂಬಿಗ ನೋಡಿ ನೋಡಿ ಕಡೆಗೆ ಅಂದ: "ಸಾವ್ಕಾರ್ರ, ಕೈ ಬಿಡ್ರಿ. ಇಲ್ಲಿ ಹೊಳಿ ನಡಮಟ ಐತಿ. ಮುಣಗಿದ್ರ ನಿಮ್ಮ ಧೋತರ ಮುಣಗ್ತೈತಿ ಅಷ್ಟ."

ಅವರು ಬಿಡಲಿಲ್ಲ. ನೆನಪಿಡಿ, ಈ ಮನುಷ್ಯನ ಸ್ವಭಾವ ಇಂಥದ್ದು.

ಮನೆಗೆ ಬಂದ ಮೇಲೆ ಶುರುವಾಯಿತು ಬಂದೋಬಸ್ತು. ನಡುಮನೆಯಲ್ಲಿ ಗಾಳಿ ತಾಗದ ಮೂಲೆ ಹುಡುಕಿ ಹಾಸಿಗೆ ಹಾಸಿದೆವು. ಏಳಬೇಡ, ಬಗ್ಗಬೇಡ, ಹೊಸ್ತಿಲು ಎಡವೀಯ, ಬಾವಿಯ ಕಡೆ ಹೋಗಬೇಡ. ನೀರಡಿಕೆ ಅಂದರೆ ಕೂತಲ್ಲಿಗೆ ತಂಬಿಗೆ. ಸೆಕೆ ಅಂದರೆ ಬೀಸಣಿಕೆ ಹಿಡಿದು ಅಜ್ಜಿ. (ಚಳಿಗಾಲದಲ್ಲಿ ಯಾರಿಗೆ ಸೆಕೆಯಾಗುತ್ತದೆ? ಹೊದಿಸಿದ್ದ ಕಂಬಳಿಗಳು ಹಾಗಿದ್ದವು.) ಸುಬೇದಾರ ಸಾಹೇಬರೇ ಬಂದರೂ ನಮ್ಮೂರಲ್ಲಿ ಇಷ್ಟು ಬಂದೋಬಸ್ತು ಆಗಲಿಕ್ಕಿಲ್ಲ.

ಊಟವೂ ಕೂತಲ್ಲಿಗೇ ಬಂತು. ಆದರೆ ಗಂಟಲೊಳಗೆ ಇಳಿಯಲಿಲ್ಲ.

ಹಾಲು ಹಾಕಿದ ಸಜ್ಜಕ ಮಾಡಿದೆ. "ಸಪ್ಪಗ ಐತವ್ವಾ." ಹೋಳಿಗೆ ಮಾಡಿದೆ. ಒಂದು ಅಂಚು ಮುರಿದು ಇಟ್ಟಳು. ಮೊಸರನ್ನದ ತಟ್ಟೆ ಹೋದ ಹಾಗೇ ವಾಪಸು ಬಂತು. ಮುಖ ಚಿಕ್ಕದಾಯಿತು. ಕುಬಸದ ಬಳೆಗಳು ಮುಂಗೈಯಿಂದ ಮೊಣಕೈ ತನಕ ಜಾರಾಡತೊಡಗಿದವು. ಅವು ಜಾರುವ ಸದ್ದು ಅಡುಗೆಮನೆಗೆ ಕೇಳಿದಾಗಲೆಲ್ಲ ನನ್ನ ಕೈಯ ಲಟ್ಟಣಿಗೆ ನಿಲ್ಲುತ್ತಿತ್ತು.

ಸೂಲಗಿತ್ತಿ ಯಲ್ಲಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ, ತನ್ನ ತೆಲುಗಿನಲ್ಲಿ "ಬಿಡ್ಡ ಬಾಗುಂದಿ" ಅಂದಳು. ಕೂಸು ಚೆನ್ನಾಗಿದೆಯಂತೆ. ನಾವು ಉಸಿರು ಬಿಡುವುದರೊಳಗೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಶುರು ಮಾಡಿದಳು: "ತಾಯೇ ಬಡವಾಗ್ಯಾಳಮ್ಮಾ. ಹಿಂಗಾದ್ರ ಹೆರೂ ಹೊತ್ತಿಗೆ ಶಕ್ತಿ ಎಲ್ಲಿಂದ ತರ್ತಾಳ? ಬಾಯಿಗೆ ಏನು ರುಚಿಸ್ತೈತಿ ಕೇಳ್ರಿ. ಕೇಳಿದ್ದನ್ನ ಕೊಡ್ರಿ."

ಕೇಳಿದೆವು. ಮಾವಿನಕಾಯಿ ಅಂದರೆ ಎಲ್ಲಿಂದ ತರುವುದು ಅಂತ ನಮ್ಮ ಮನೆಯವರು ಆಗಲೇ ಮೀಸೆ ಕಡಿಯುತ್ತಿದ್ದರು.

"ಮೂಲಂಗಿ," ಅಂದಳು ಗಿರಿಜಾ.

"ಮೂಲಂಗಿ?"

"ಹೂಂ. ಹಸೀದು. ಕಚ್ಚಿದ್ರ ಖಾರ ನೆತ್ತಿಗೆ ಹೊಡೀಬೇಕು. ಕಣ್ಣು, ಮೂಗು ಎರಡೂ ಸುರೀಬೇಕು. ಅಂಥಾದ್ದು ಬಿಸಿ ರೊಟ್ಟಿ ಕೂಡ ಕೊಟ್ರ ತಿಂತೀನಿ."

ಅತ್ತೆ ಎರಡೂ ಕೈ ಎತ್ತಿದರು. "ಬ್ಯಾಡವಾ, ಮೂಲಂಗಿ ವಾಯು!"

"ಉಪಾಸ ಇರೋದಕಿಂತ ವಾಯು ಛಲೋ ಅಮ್ಮಾ," ಅಂದು ಯಲ್ಲಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಅಲ್ಲಿಗೆ ವಾಯುವಿನ ಮಾತು ಮುಗಿಯಿತು.

ನಮ್ಮ ಮನೆಯವರು ಆವತ್ತೇ ಪೇಟೆಗೆ ಓಡಿ ಒಂದು ಹೊರೆ ಮೂಲಂಗಿ ತಂದರು. ದಪ್ಪಗೆ, ಬೆಳ್ಳಗೆ, ಮಿರಿಮಿರಿ ಮಿಂಚುತ್ತಿದ್ದವು. ಗಿರಿಜಾ ಒಂದನ್ನು ಕಚ್ಚಿದಳು. ಅಗಿದಳು. ಕೆಳಗಿಟ್ಟಳು.

"ಅಪ್ಪಾ, ಇದು ಬಾವಿ ನೀರು. ಮ್ಯಾಲೆ ಸೊಪ್ಪು ಅಷ್ಟ ಹಚ್ಯಾರ."

ಆಗ ಎಲ್ಲರ ಕಣ್ಣೂ ನನ್ನ ಮಡಿಯ ಮೇಲೆ ಬಿತ್ತು. ನನ್ನ ಮೂಲಂಗಿಯ ಖಾರ ನಮ್ಮ ಓಣಿಗೆಲ್ಲ ಗೊತ್ತು. ಹೋದ ವರ್ಷ ಒಂದನ್ನು ತಿಂದ ಅಂಚೆಯವನು ಎರಡು ಮನೆಯ ಕಾಗದ ಅದಲುಬದಲು ಕೊಟ್ಟುಹೋಗಿದ್ದ. "ತಾಳು ಮಗಳ, ಇನ್ನು ಸ್ವಲ್ಪ ದಿನ," ಅಂದೆ. ಅವಳು ತಲೆಯಾಡಿಸಿದಳು. ಅಲ್ಲಿಯ ತನಕ ನಾಲ್ಕು ತುತ್ತು ಗಂಜಿಯ ಮೇಲೆ ದಿನ ದೂಡಿದಳು.

ಮಡಿ ಈ ಸಲ ಬೆಳೆದ ಪರಿ ಏನು ಹೇಳಲಿ! ಎಲೆ ಆನೆ ಕಿವಿಯಂತೆ ಅಗಲ. ಗಡ್ಡೆಗಳು ಮಣ್ಣಿನಿಂದ ಹೆಗಲು ಮೇಲೆತ್ತಿ ನಿಂತುಬಿಟ್ಟವು. ಗೊಬ್ಬರ ಹದವಾಗಿ ಬಿತ್ತು, ಕೈಗುಣ ಅಂದರೆ ಇದು, ಅಂತ ಒಳಗೊಳಗೇ ಉಬ್ಬಿದೆ. (ಉಬ್ಬುವುದರಲ್ಲಿ ನಾನೂ ಮೂಲಂಗಿಗೆ ಕಡಿಮೆಯೇನಲ್ಲ.) ಮಣ್ಣು ಯಾವಾಗಲೂ ಅಷ್ಟು ತೇವ ಯಾಕಿದೆ ಅನ್ನುವುದು ಮಾತ್ರ ತಲೆಗೆ ಹೋಗಲಿಲ್ಲ. ಇಬ್ಬನಿ ಜಾಸ್ತಿ ಇರಬೇಕು ಅಂದುಕೊಂಡೆ.

ಮೊದಲ ಮೂಲಂಗಿ ಕಿತ್ತ ದಿನ ಮನೆಯಲ್ಲಿ ಹಬ್ಬ. ಮೊಣಕೈಯಷ್ಟು ಉದ್ದದ್ದು ಕೈಗೆ ಬಂತು. ಮೈ ಮೇಲೆ ಮೇಲಿಂದ ಕೆಳಗೆ ಒಂದು ಸೀಳು. ತೊಳೆದು, ಬಿಲ್ಲೆ ಮಾಡಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಜೊತೆಗಿಟ್ಟು ಒಯ್ದೆವು. ಅತ್ತೆ ಒಂದು ಕಡೆ, ಆಕೆಯ ಅಪ್ಪ ಒಂದು ಕಡೆ, ನಾನು ಎದುರಿಗೆ. ಹಿತ್ತಲ ಬಾಗಿಲಿಂದ ಹುಸೇನ್‌ಬಿಯ ತಲೆ. ಗಿರಿಜಾ ಒಂದು ಬಿಲ್ಲೆ ಬಾಯಿಗಿಟ್ಟಳು.

ನಾವೆಲ್ಲ ಆಕೆಯ ಮೂಗು ನೋಡುತ್ತ ಕೂತೆವು. ಮೂಗು ಒಣಗಿಯೇ ಇತ್ತು.

"ಅವ್ವಾ," ಅಂದಳು ಮೆಲ್ಲಗೆ, "ಇದೂ ನೀರವ್ವಾ." ನಮ್ಮ ಮುಖ ನೋಡಿ ಇನ್ನೊಂದು ಬಿಲ್ಲೆ ತಿಂದಳು. ನಮ್ಮ ಸಲುವಾಗಿ ತಿಂದಳು. ನನಗೆ ಅದೇ ಹೆಚ್ಚು ಚುಚ್ಚಿತು.

ಮೂಲಂಗಿ ಬೆಳೆಸಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಮೂಲಂಗಿಗೆ ಖಾರ ಬರುವುದು ನೀರಡಿಕೆಯಿಂದ. ಕುಡಿದು ಕುಡಿದು ಸುಖವಾಗಿ ಬೆಳೆದದ್ದು ಉಬ್ಬುತ್ತದೆ, ಸೀಳುತ್ತದೆ, ಸಪ್ಪಗಾಗುತ್ತದೆ. ಅದಕ್ಕೇ ನಾನು ಒಂದು ದಿನ ಬಿಟ್ಟು ಒಂದು ದಿನ, ಬೆಳಿಗ್ಗೆ, ಅಳತೆ ಹಾಕಿದ ಹಾಗೆ ನೀರು ಕೊಡುವವಳು. ಮತ್ತೆ ಇವು ಕುಡಿದದ್ದು ಎಲ್ಲಿ?

ಮರುದಿನ ಜೋಳ ಹಸನು ಮಾಡುವ ಮೊರ ಹಿಡಿದು ಎಮ್ಮೆಯ ಚಪ್ಪರದೊಳಗೆ ಕೂತೆ. ಎಮ್ಮೆಗೂ ಆಶ್ಚರ್ಯವಾಯಿತು.

ಬಿಸಿಲು ಏರುತ್ತಿದ್ದ ಹಾಗೆ ನಮ್ಮ ಮನೆಯವರು ಬಂದರು. ಆಗ ಅವರು ಸೀರೆ ಅಂಗಡಿಯ ಗಾದಿ ಮೇಲೆ ಇರಬೇಕಾದವರು. ಅತ್ತಿತ್ತ ನೋಡಿದರು. ಬಾವಿಕಟ್ಟೆಯ ತಂಬಿಗೆ ತುಂಬಿಕೊಂಡು, ಒಂದೊಂದು ಗಿಡದ ಬುಡಕ್ಕೂ ತೀರ್ಥ ಕೊಟ್ಟ ಹಾಗೆ ಹಾಕಿದರು. "ಲಗೂ ಖಾರ ಆಗ್ರೆಪಾ," ಅಂತ ಮೂಲಂಗಿಗೆ ಹೇಳಿದ್ದು ನನ್ನ ಕಿವಿಯಾರೆ ಕೇಳಿದೆ.

"ಏನ್ರೀ ಇದು?"

ತಂಬಿಗೆ ಬೆನ್ನ ಹಿಂದೆ ಹೋಯಿತು. "ಕೈ ತೊಳಕೊಂಡೆ."

"ಮೂಲಂಗಿ ಮ್ಯಾಲೆ?"

"ನೀರು ಸುಮ್ಮನ ಹಾಳಾಗಬಾರದು ನೋಡು."

"ದಿನಾ ಹಿಂಗ ತೊಳಕೋತೀರೇನು?"

"ಅಲ್ಲಾ, ಮನಷ್ಯಾ ಅಂದ ಮ್ಯಾಲೆ ಕೈ ತೊಳಕೋಬಾರದೇನು?"

ಅವರನ್ನು ಅಂಗಡಿಗೆ ಅಟ್ಟಿ ಮತ್ತೆ ಕೂತೆ. ಮಧ್ಯಾಹ್ನ ಅತ್ತೆ ಬಂದರು. ಸೆರಗಿನ ಕೆಳಗೆ ಏನೋ ಉಬ್ಬು. ಅಕ್ಕಿ ತೊಳೆದ ನೀರಿನ ಚರಿಗೆ.

"ಅತ್ತೀ, ಬೆಳಿಗ್ಗೆ ನಾ ಹಾಕೀನ್ರಿ."

ಅವರು ಬೆಚ್ಚಲೂ ಇಲ್ಲ. "ನೀ ಹಾಕಿದ್ದು ನಿನ್ನ ನೀರು. ಇದು ನಂದು. ನನ್ನ ಮೊಮ್ಮಗಳು ತಿನ್ನೋ ಗಡ್ಡಿಗೆ ನಾ ಒಂದು ಚರಗಿ ಹಾಕಬಾರದೇನು?"

ಇದಕ್ಕೆ ಯಾವ ಕಚೇರಿಯಲ್ಲಿ ಜವಾಬು ಸಿಗುತ್ತದೆ, ನೀವೇ ಹೇಳಿ.

ಸಂಜೆ ಇನ್ನು ಸಾಕು ಅಂತ ಮೊರ ಎತ್ತಿಕೊಂಡು ಏಳುತ್ತಿದ್ದೆ. ಆಕಾಶ ಸ್ವಚ್ಛವಾಗಿತ್ತು. ಆದರೂ ಮಡಿಯ ಮೇಲೆ ಸುರ್ರನೆ ನೀರು ಸುರಿಯಿತು. ಗೋಡೆಯಾಚೆಯಿಂದ! ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ.

"ಹುಸೇನ್‌ಬಿ!"

ಗೋಡೆಯ ಮೇಲೆ ಮೊದಲು ಲೋಟಾ, ಆಮೇಲೆ ತಲೆ ಮೂಡಿತು. "ಅರೇ, ಅಕ್ಕಾ! ನೀವಿದ್ರಿ? ಯಾರೂ ಇಲ್ಲ ಅಂದ್ಕೊಂಡೆ ನಾ."

"ಯಾರೂ ಇಲ್ದಾಗ ಹಾಕ್ತೀಯೇನು?"

"ಗಿರಿಜಾ ಬೇಟಿ ಸಲುವಾಗಿ ಅಕ್ಕಾ. ನೀವು ಹಾಕೋದು ನೋಡೀನಿ, ಭಾಳ ಕಮ್ಮಿ. ಜೀವಕ್ಕ ತಡೀಲಿಲ್ಲ. ಒಂದು ಲೋಟಾ, ಬಸ್."

ಒಂದು ತಂಬಿಗೆ, ಒಂದು ಚರಿಗೆ, ಒಂದು ಲೋಟಾ. ಬೇರೆ ಬೇರೆ ನೋಡಿದರೆ ಯಾರದೂ ಹೆಚ್ಚಲ್ಲ. ಪ್ರೀತಿಯಲ್ಲಿ ಯಾರನ್ನು ಬೈಯುವುದು? ಆದರೆ ಕೂಡಿಸಿದರೆ ಅದು ಕೆರೆ. ಆ ಕೆರೆಯಲ್ಲಿ ನನ್ನ ಮೂಲಂಗಿ ಹಾಯಾಗಿ ಈಜುತ್ತಿತ್ತು, ನನ್ನ ಮಗಳು ಗಂಜಿ ಕುಡಿಯುತ್ತಿದ್ದಳು.

ಆ ಸಂಜೆಯೇ ಪಡಸಾಲೆಯಲ್ಲಿ ಫರ್ಮಾನು ಹೊರಡಿಸಿದೆ. ಇವತ್ತಿನಿಂದ ಮೂಲಂಗಿ ಮಡಿಗೆ ಒಂದು ಹನಿ ನೀರಿಲ್ಲ. ನಾನೂ ಹಾಕುವುದಿಲ್ಲ, ಯಾರೂ ಹಾಕಕೂಡದು. ಕೈ ತೊಳೆಯುವವರು ಬಚ್ಚಲಲ್ಲಿ ತೊಳೆಯಬೇಕು. ಉಳಿದ ಗಡ್ಡೆಗಳನ್ನು ಒಣಗಿಸಿ ನೋಡೋಣ.

"ಸತ್ತುಗಿತ್ತಾವು?" ಅಂದರು ಅತ್ತೆ.

"ಸಾಯೂದಿಲ್ರಿ."

"ಎಷ್ಟು ದಿನಾ?" ಅಂದರು ಇವರು.

ಅದೇ ಕಷ್ಟದ ಪ್ರಶ್ನೆ. ಬೇಗ ಕಿತ್ತರೆ ಸಪ್ಪೆ. ತಡವಾದರೆ ಒಳಗೆ ಬೆಂಡು. ಕಚ್ಚಿದರೆ ಒಣಗಿದ ಸಜ್ಜೆ ದಂಟು ಕಚ್ಚಿದ ಹಾಗೆ. ಎರಡರ ನಡುವೆ ಖಾರದ ದಿನಗಳು ಕೆಲವೇ. ಅವು ಬಂದವೋ ಇಲ್ಲವೋ ಅಂತ ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಇನ್ನೊಂದು ಬೆಳೆ ತೆಗೆಯುವಷ್ಟು ದಿನ ಗಿರಿಜಾಳಿಗೂ ಇರಲಿಲ್ಲ, ನಮಗೂ ಇರಲಿಲ್ಲ.

ನೀರು ಹಾಕದೆ ಇರುವುದು ಇಷ್ಟು ದೊಡ್ಡ ಕೆಲಸ ಅಂತ ನನಗೂ ಗೊತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಜೋತುಬೀಳುತ್ತಿದ್ದವು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಲೊಚಗುಟ್ಟುತ್ತಿದ್ದರು: "ಪಾಪ, ತಲಿ ಬಗ್ಗಿಸಿ ಕುಂತಾವ ನೋಡು. ನಿನಗ ಕರುಳಿಲ್ಲ." ಇವರು ಅಂಗಡಿಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ "ಹ್ಯಾಂಗೈತಿ?" ಅನ್ನುತ್ತಿದ್ದರು. ಮಗಳನ್ನು ಕೇಳುತ್ತಾರೋ ಮೂಲಂಗಿಯನ್ನೋ ತಿಳಿಯದೆ ನಾನು ಎರಡಕ್ಕೂ ಸೇರಿಸಿ "ಹಂಗ ಐತಿ" ಅನ್ನುತ್ತಿದ್ದೆ. ಹುಸೇನ್‌ಬಿ ತನ್ನ ಮೇಲೆ ತನಗೇ ಭರವಸೆಯಿಲ್ಲದೆ ಲೋಟಾವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳಂತೆ.

ನನ್ನ ಕೈ ಮಾತ್ರ ಸುಮ್ಮನಿತ್ತೇ? ಬೆಳಿಗ್ಗೆ ಎದ್ದರೆ ಅದು ತಾನಾಗಿ ಕೊಡದ ಕಡೆ ಹೋಗುತ್ತಿತ್ತು. ಬೈದು ಕರೆದುಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ, ನಾನು ಮಡಿಯ ಹತ್ತಿರ ಕೂತು ಮಣ್ಣಿನ ಬಿರುಕು ನೋಡುತ್ತಿದ್ದಾಗ, ಹಿಂದೆ ಬಳೆಯ ಸದ್ದಾಯಿತು. ಗಿರಿಜಾ. ಕಂಬಳಿ ಇಲ್ಲ, ಯಾರ ಕೈಯನ್ನೂ ಹಿಡಿದಿಲ್ಲ. ಹೊಸ್ತಿಲು ತಾನೇ ದಾಟಿ ಬಂದಿದ್ದಳು.

ಜೋತುಬಿದ್ದ ಎಲೆಗಳನ್ನು ನೋಡಿದಳು. ಗೋಡೆಯ ಕಡೆ ನೋಡಿದಳು. ನನ್ನನ್ನು ನೋಡಿದಳು. ತವರಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನವ್ವಾ, ಇವಕ್ಕೂ ಕುಬಸ ಮಾಡಿದ್ರೇನು? ನನ್ನ ನೋಡಿಕೊಂಡಂಗ ನೋಡಿಕೊಂಡೀರಿ!"

ನಗುವಿನ ಸದ್ದಿಗೆ ಅತ್ತೆ ಓಡಿ ಬಂದರು. ಅತ್ತೆಯ ಹಿಂದೆ, ಅಂಗಡಿಗೆ ಹೊರಟಿದ್ದ ಇವರು. "ಯಾಕ ಬಂದಿ? ಗಾಳಿ ಐತಿ! ಒಳಗ ನಡಿ!"

"ಬರ್ತೀನಿ ಆಯೀ. ಒಂದು ಮೂಲಂಗಿ ಕಿತ್ತು ಬರ್ತೀನಿ," ಅಂದಳು ಗಿರಿಜಾ ಅಜ್ಜಿಗೆ.

"ಕೀಳ್ತೀ? ನೀನಾ?" ಅತ್ತೆ ದನಿ ಬದಲಾಯಿತು. ಅದು ನಮ್ಮ ಮನೆಯ ಹಳೇ ನಿಯಮ. ಅವರ ಅತ್ತೆಯಿಂದ ಅವರಿಗೆ, ಅವರಿಂದ ನನಗೆ ಬಂದದ್ದು. "ಬಸುರಿ ಹೆಂಗಸು ಬೇರು ಕೀಳಬಾರದು. ನೆಲದಾಗ ಹಿಡದದ್ದನ್ನ ಅಲುಗಿಸಬಾರದು. ನಿಮ್ಮವ್ವನೂ ಕಿತ್ತಿಲ್ಲ, ನಾನೂ ಕಿತ್ತಿಲ್ಲ."

ಗಿರಿಜಾ ಬಾವಿಕಟ್ಟೆಯ ಮೇಲೆ ಕೂತಳು. ಜಗಳದ ದನಿಯಲ್ಲ, ಆದರೆ ಎದ್ದು ಹೋಗುವ ದನಿಯೂ ಅಲ್ಲ.

"ಆಯೀ, ಗದ್ವಾಲದಾಗ ನಾ ಬೆಳಿಗ್ಗೆ ಎದ್ದು ಅಂಗಳ ಉಡಗತಿದ್ದೆ, ಮಜ್ಜಿಗಿ ಕಡೀತಿದ್ದೆ, ಬಿಸಿಲಾಗ ಹಪ್ಪಳ ಹಾಕತಿದ್ದೆ. ರೊಟ್ಟಿ ಎಷ್ಟು ತಿಂತೀನಿ ಅಂತ ನಮ್ಮತ್ತಿ ನಗತಿದ್ರು. ಇಲ್ಲಿಗೆ ಬಂದ ಮ್ಯಾಲೆ ನೀರು ಕುಡಿಯಾಕೂ ನೀವು ನನ್ನ ಎಬ್ಬಿಸಿಲ್ಲ. ಕೂಡಿಸಿದಲ್ಲೇ ಕುಂತೀನಿ. ಹಸಿವು ಎಲ್ಲಿಂದ ಬರಬೇಕು, ನೀವ ಹೇಳ್ರಿ?"

ಇಷ್ಟು ದಿನ ಸಜ್ಜಕಕ್ಕೆ ಬೆಲ್ಲ ಕಮ್ಮಿಯಾಯಿತೇ, ಹೋಳಿಗೆಗೆ ಯಾಲಕ್ಕಿ ಹೆಚ್ಚಾಯಿತೇ ಅಂತ ಯೋಚಿಸಿದವಳು ನಾನು. ಮಗಳು ಕೆಲಸವಿಲ್ಲದೆ ಬಾಡಿದ್ದಾಳೆ ಅಂತ ಒಮ್ಮೆಯೂ ಹೊಳೆಯಲಿಲ್ಲ. ತವರು ಅಂದರೆ ಆರಾಮು, ಆರಾಮು ಅಂದರೆ ಹಾಸಿಗೆ: ಇಷ್ಟೇ ಅಲ್ಲವೇ ನಮ್ಮ ಲೆಕ್ಕ?

ಈಗ ಎಲ್ಲರೂ ಅತ್ತೆಯ ಮುಖ ನೋಡಿದೆವು. ನಿಯಮ ಅವರದು. ಮುರಿಯಬೇಕಾದರೂ ಅವರೇ ಮುರಿಯಬೇಕು.

ಅವರು ಮುರಿಯಲಿಲ್ಲ. ನಮ್ಮ ಅತ್ತೆ ಅಷ್ಟು ಸುಲಭದ ಹೆಂಗಸಲ್ಲ. ಸೀರೆ ಮೇಲೆ ಸಿಕ್ಕಿಸಿ, ಕಳೆ ತೆಗೆಯುವ ಕುರ್ಚಿಗಿ ಇಸಿದುಕೊಂಡು ಮಡಿಯ ನಡುವೆ ಕೂತರು. ಒಂದು ಒಳ್ಳೆಯ ಗಡ್ಡೆ ಆರಿಸಿ ಅದರ ಸುತ್ತ ಮಣ್ಣು ಬಿಡಿಸಿದರು. ಒಣಗಿದ ಎರೆ, ಕಲ್ಲಿನಂತಿತ್ತು. ಏದುಸಿರು ಬಿಡುತ್ತ, ನಾವು ಸಹಾಯಕ್ಕೆ ಹೋದರೆ ಕೈ ಕೊಡವುತ್ತ, ಆಳಕ್ಕೆ ಬಿಡಿಸಿದರು. ಕಡೆಗೆ ಎರಡು ಬೆರಳಲ್ಲಿ ಅಲ್ಲಾಡಿಸಿ ನೋಡಿ ಎದ್ದು ನಿಂತರು.

"ಬಾ. ಭೂಮಿ ಅದನ್ನ ಬಿಟ್ಟೈತಿ. ಕಿತ್ತಾಕಿ ನಾನು. ನೀ ಬರೇ ಎತ್ತು."

"ಹಂಗಾದ್ರ ದೋಷ ಇಲ್ಲೇನವ್ವಾ?" ಅಂದರು ನಮ್ಮ ಮನೆಯವರು, ಪಂಚಾಯ್ತಿಯಲ್ಲಿ ಕೂತವರ ಹಾಗೆ.

"ಬಿದ್ದದ್ದನ್ನ ಎತ್ತಿದ್ರ ಏನು ದೋಷ? ನೀ ಸುಮ್ಮನ ಅಂಗಡಿಗೆ ಹೋಗು."

ಅವರು ಹೋಗಲಿಲ್ಲ. ಅಂಥ ಹೊತ್ತಿನಲ್ಲಿ ಯಾವ ಅಂಗಡಿ?

ಗಿರಿಜಾ ಕಾಲಗಲಿಸಿ ಮೆಲ್ಲಗೆ ಕೂತು, ಎಲೆಯ ಬುಡ ಹಿಡಿದು ಎತ್ತಿದಳು. ಮೊದಲಿನದರ ಅರ್ಧವೂ ಇಲ್ಲ. ಮೈ ಸ್ವಲ್ಪ ಸುಕ್ಕು, ತುದಿ ಸೊಟ್ಟ. ಘಮ್ ಅಂತ ಮಣ್ಣಿನ ವಾಸನೆ. ತೊಳೆಯಲಿ ಅಂತ ನಾನು ನೀರು ಸೇದುವಷ್ಟರಲ್ಲಿ ಅವಳು ಸೆರಗಿನಲ್ಲಿ ಒರೆಸಿ ಕಚ್ಚಿಯೇಬಿಟ್ಟಳು.

ಕರಕ್ ಅಂತು. ಬೆಂಡಲ್ಲ! ಅಲ್ಲಿಗೆ ಅರ್ಧ ಜೀವ ಬಂತು.

ಗಿರಿಜಾ ಅಗಿದಳು. ಅಗಿಯುವುದು ನಿಂತಿತು. ಕಣ್ಣು ಅಗಲವಾಯಿತು. ಮೂಗಿನ ತುದಿ ಕೆಂಪಾಯಿತು. ಒಮ್ಮೆಲೇ ಕೆಮ್ಮು ಒತ್ತರಿಸಿ ಬಂದು, ಕಣ್ಣಲ್ಲಿ ಮೂಗಲ್ಲಿ ಧಾರೆ ಇಳಿದು, ನೆತ್ತಿಗೆ ಕೈ ಬಡಿದುಕೊಂಡಳು.

"ನೀರು! ನೀರು ತರ್ರಿ!" ಇವರು ಬಾವಿಯ ಕಡೆ ಓಡಿದರು. "ನೀರವ್ವಾ!" ಅತ್ತೆ ಒಳಗೆ ಓಡಿದರು. ಗೋಡೆಯಾಚೆ ಕಪಾಟಿನ ಕೀಲಿ ತೆಗೆಯುವ ಸದ್ದು!

ಗಿರಿಜಾ ಸುರಿಯುವ ಕಣ್ಣಲ್ಲೇ ಕೈ ಎತ್ತಿ ತಡೆದಳು. "ಯಾರರ ನೀರು ತಂದ್ರ ನೋಡ್ರಿ ಮತ್ತ! ರೊಟ್ಟಿ ತರ್ರಿ, ರೊಟ್ಟಿ!"

ರೊಟ್ಟಿ ಬಡಿದೆ. ಬಡಿದೆ, ಬಡಿದೆ. ಬಾವಿಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಒಂದು ತುತ್ತು ರೊಟ್ಟಿ, ಒಂದು ಕಚ್ಚು ಮೂಲಂಗಿ, ಒಂದು ಸೊರಕ್ ಮೂಗು, ಹೀಗೆ ಉಂಡಳು ನೋಡಿ ನಮ್ಮ ಮಗಳು! ಎಷ್ಟು ರೊಟ್ಟಿ ಅಂತ ನಾನು ಎಣಿಸಲಿಲ್ಲ. ಹೆತ್ತವಳ ಕಣ್ಣೇ ತಾಗುತ್ತದಂತೆ. ಅತ್ತೆ ಪಕ್ಕದಲ್ಲಿ ಕೂತು ತಾವೂ ಒಂದು ಚೂರು ಬಾಯಿಗಿಟ್ಟು, ಹಲ್ಲಿಲ್ಲದ ಬಾಯಲ್ಲಿ ಚೀಪಿ, ಕಣ್ಣೀರು ಹಾಕುತ್ತ "ವಾಯು, ವಾಯು" ಅನ್ನುತ್ತ ಇನ್ನೊಂದು ಚೂರಿಗೆ ಕೈ ಚಾಚಿದರು.

ಆಮೇಲಿನ ದಿನಗಳಲ್ಲಿ ಮಡಿ ಖಾಲಿಯಾದದ್ದು ಹೀಗೆ: ಅತ್ತೆ ಮುಂದೆ ಮುಂದೆ ಮಣ್ಣು ಬಿಡಿಸುವುದು, ಮೊಮ್ಮಗಳು ಹಿಂದೆ ಹಿಂದೆ ಎತ್ತುವುದು. "ಕಿತ್ತಾಕಿ ನಾನು" ಅಂತ ಪ್ರತಿ ಗಡ್ಡೆಗೂ ಅತ್ತೆ ಹೇಳುತ್ತಿದ್ದರು, ಎಲ್ಲಿಯೋ ಯಾರೋ ಬರೆದುಕೊಳ್ಳುತ್ತಿದ್ದಾರೆ ಅನ್ನುವ ಹಾಗೆ. ಸೊಪ್ಪಿಗೆ ಕಡಲೆಹಿಟ್ಟು ಹಾಕಿ ಝುಣಕ ಮಾಡಿದೆ. ಗಡ್ಡೆ ತುರಿದು ಮೊಸರು ಕಲಸಿದೆ. ಹುಸೇನ್‌ಬಿಗೆ ಒಂದು ಕಟ್ಟು ಗೋಡೆ ಹಾಯಿತು. ಬದಲಿಗೆ ಮೂಲಂಗಿ ತುಂಬಿದ ಪರಾಠಾ ಈಚೆ ಬಂತು. ಯಲ್ಲಮ್ಮ ಬಂದು ಮಗಳ ಕೆನ್ನೆ ಹಿಂಡಿ, ತನ್ನ ಪಾಲಿನ ಎರಡು ಗಡ್ಡೆ ಉಡಿಯಲ್ಲಿ ಕಟ್ಟಿಕೊಂಡು ಹೋದಳು. ಬಳೆಗಳು ಈಗ ಮೊಣಕೈ ತನಕ ಹೋಗುವುದಿಲ್ಲ. ಮುಂಗೈಯಲ್ಲೇ ಬಿಗಿಯಾಗಿ ನಿಂತಿವೆ.

ಕಂಬಳಿಗಳು ಪೆಟ್ಟಿಗೆಗೆ ಹೋದವು. ಗಿರಿಜಾ ಬೆಳಿಗ್ಗೆ ಮಜ್ಜಿಗೆ ಕಡೆಯುತ್ತಾಳೆ, ಎಮ್ಮೆಗೆ ಹುಲ್ಲು ಹಾಕುತ್ತಾಳೆ, ಕಡೆ ಸಾಲಿನಲ್ಲಿ ನಾನು ಹೊಸದಾಗಿ ಬಿಟ್ಟ ಮೆಂತ್ಯಕ್ಕೆ ನೀರೆಷ್ಟು ಅಂತ ನನಗೇ ಅಪ್ಪಣೆ ಕೊಡುತ್ತಾಳೆ. ಹಸಿವು ಕರೆದಾಗ ತಾನೇ ಬಂದು ಒಲೆಯ ಮುಂದೆ ಕೂರುತ್ತಾಳೆ. ಹಸಿದವರಿಗೆ ಬಡಿಸುವಷ್ಟು ಸುಖ, ಹಸಿಯದವರನ್ನು ರಮಿಸುವುದರಲ್ಲಿ ಇದೆಯೇ?

ಇಷ್ಟಾದರೂ ಒಂದು ತಾಪತ್ರಯ ಉಳಿದಿದೆ. ಮಗಳು ಒಂದು ಸಣ್ಣ ಬಿಂದಿಗೆ ಹಿಡಿದು ಬಾವಿಯ ಕಡೆ ಹೆಜ್ಜೆ ಹಾಕಿದರೆ ಸಾಕು, ಊಟಕ್ಕೆ ಕೂತ ನಮ್ಮ ಮನೆಯವರ ತುತ್ತು ಬಾಯಲ್ಲೇ ನಿಲ್ಲುತ್ತದೆ. ಅವಳು ತಿರುಗಿ ಬರುವ ತನಕ ಅಗಿಯುವುದಿಲ್ಲ, ನುಂಗುವುದಿಲ್ಲ. ಈ ವಾರ ಅವರ ಅಂಗಿ ಸಡಿಲಾಗಿದೆ.

ಅವರಿಗೆ ಏನು ಬಿತ್ತಲಿ, ನೀವೇ ಹೇಳ್ರಿ?